ಒಂಬತ್ತನೇ ನಂಬರಿನ ಬಿಳಿ ಶೂ

ಚನ್ನಗಿರಿ
೧೬ ಫೆಬ್ರವರಿ ೧೯೮೭

ತಿಪ್ಪೇಶ,

‘ಚಿರಂಜೀವಿ ತಿಪ್ಪೇಶನಿಗೆ ಆಶೀರ್ವಾದಗಳು’ ಎಂದು ಬರೆದು ಹೊಡೆದುಹಾಕಿದ್ದೇನೆ. ನಿನಗಿಂತ ಹತ್ತು ವರ್ಷ ದೊಡ್ಡವನಾದ ಮಾತ್ರಕ್ಕೆ ಆಶೀರ್ವಾದ ಮಾಡುವ ಹಕ್ಕು ಬಂದುಬಿಡುವುದಿಲ್ಲ. ಈ ಕಾಗದದ ಜೊತೆ ಒಂದು ರಟ್ಟಿನ ಪೆಟ್ಟಿಗೆಯಿದೆ. ಕಾಗದ ಪೂರ್ತಿ ಓದುವ ತನಕ ಅದನ್ನು ಬಿಚ್ಚಬೇಡ. ನಿನ್ನ ಸ್ವಭಾವ ನನಗೆ ಗೊತ್ತು, ಮೊದಲು ಅದಕ್ಕೇ ಕೈಹಾಕುತ್ತೀಯ. ಆದರೂ ಹೇಳಿದ್ದೇನೆ.

ಹೋದ ತಿಂಗಳು ಜಗಳೂರಿನ ಸ್ಕೂಲಿಗೆ ಕ್ಯಾನ್ವಾಸ್ ಶೂ ಕೊಡಲು ಬಂದಿದ್ದಾಗ ನೀನು ಸಿಕ್ಕೆಯಲ್ಲ, ಅವತ್ತು ನಾನು ನಿನ್ನ ಮುಖ ನೋಡಿ ಗುರುತು ಹಿಡಿದದ್ದಲ್ಲ. ಗಡ್ಡ ಬಿಟ್ಟು ಕಂಬಳಿ ಹೊದ್ದವನನ್ನು ಯಾರು ಗುರುತು ಹಿಡಿಯುತ್ತಾರೆ? ನೀನು ಶೇಂಗಾ ಕಿತ್ತ ಹೊಲದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದೆ. ಒಂದು ಟಗರು ಪಕ್ಕದ ಹೊಲದ ಕಡೆ ನುಗ್ಗಿತು. ನೀನು ಬಗ್ಗಿ ಒಂದು ಹೆಂಟೆ ಎತ್ತಿಕೊಂಡೆ. ಎಡಗೈ ಆಕಾಶಕ್ಕೆ ಹೋಯಿತು, ಬಲಗೈ ಬೆನ್ನ ಹಿಂದೆ ಇಳಿದು ಮೇಲೆದ್ದಿತು, ಬಲಗಾಲಿನ ತುದಿ ಮಣ್ಣಿನ ಮೇಲೆ ಒಂದು ಗೆರೆ ಎಳೆಯಿತು. ಹೆಂಟೆ ಸರಿಯಾಗಿ ಟಗರಿನ ಮೂತಿಯ ಮುಂದೆ ಬಿತ್ತು. ಆ ಟೆನಿಸ್ ಸರ್ವೀಸು ನೋಡಿದ ಮೇಲೆ ನಾನು ದಾರಿಯಲ್ಲೇ ನಿಂತುಬಿಟ್ಟೆ.

ಆಮೇಲೆ ಚಹಾದ ಅಂಗಡಿಯಲ್ಲಿ ನೀನು ಹೇಳಿದ ಮಾತು ನನ್ನನ್ನು ಇಲ್ಲಿಯವರೆಗೂ ಅಟ್ಟಿಸಿಕೊಂಡು ಬಂದಿದೆ. “ನನ್ನ ಆಟ ಸಾಲ್ದಾತು ಬಿಡ್ರಿ ಅಣ್ಣಾರೆ. ಬ್ಯಾರೆ ಯಾರಾರ ಆಗಿದ್ರೆ ಸುಳ್ಳು ಹೇಳಿ ಸಮಾಧಾನ ಮಾಡೋರು. ನೀವು ಮಕದ ಮ್ಯಾಲೆ ಹೇಳಿದ್ರಿ. ಅದ್ಕೇ ನಿಮ್ಮ ಮ್ಯಾಲೆ ಇವತ್ತಿಗೂ ಗೌರವ ಐತೆ,” ಅಂದೆ. ನಾನು ಲೋಟ ಕೆಳಗಿಟ್ಟೆ. ನೀನು ಅಷ್ಟಕ್ಕೆ ಬಿಡಲಿಲ್ಲ. ನಿನ್ನ ತಂಗಿ ಮೂಕಮ್ಮ ಜೋರು ಓಡುತ್ತಾಳಂತೆ, ಮೇಷ್ಟ್ರು ಮನೆಗೇ ಬಂದು ಚಿತ್ರದುರ್ಗದ ಪಂದ್ಯಕ್ಕೆ ಕಳಿಸಿ ಎಂದರಂತೆ. “ಬ್ಯಾಡ ಅಂದೆ. ನಮ್ಮ ಮಂದಿ ಆಟ ಊರಾಚೆಗೆ ಸಾಲಲ್ರಿ, ನಾನು ಕಂಡು ಬಂದೀನಿ ಅಂದೆ.” ಅದನ್ನು ಹೇಳುವಾಗ ನಿನ್ನ ಮುಖದಲ್ಲಿ ಬೇಸರವೂ ಇರಲಿಲ್ಲ.

ನೀನು ಕಂಡದ್ದು ಏನು, ನಾನು ತೋರಿಸಿದ್ದು ಏನು ಅನ್ನುವುದನ್ನು ಇವತ್ತು ಬರೆಯುತ್ತೇನೆ.

ನಿನ್ನ ಅಪ್ಪ ಸಣ್ಣತಿಮ್ಮಪ್ಪ ಇಲ್ಲಿನ ಆಫೀಸರುಗಳ ಕ್ಲಬ್ಬಿಗೆ ಕಾವಲಿಗೆ ಬಂದಾಗ ಟೆನಿಸ್ ಕೋರ್ಟು ಮುಳ್ಳು ಬೆಳೆದು ಹಾಳುಬಿದ್ದಿತ್ತು. ನೀನೇ ಅದನ್ನು ಕಡಿದು, ಕೆಮ್ಮಣ್ಣು ಹಾಕಿ, ರೋಲರ್ ಎಳೆದು, ಸಂಜೆ ನೀರು ಚಿಮುಕಿಸಿ ಸುಣ್ಣದ ಗೆರೆ ಎಳೆಯುತ್ತಿದ್ದೆ. ಜೋಡಿ ಆಟಕ್ಕೆ ನಾಲ್ಕನೆಯವರು ಬರದ ದಿನ ಆಫೀಸರುಗಳು ನಿನ್ನನ್ನು ಆಟಕ್ಕೆ ಕರೆಯುತ್ತಿದ್ದರು. ಒಂದು ವರ್ಷದೊಳಗೆ ನೀನು ಮೂವರನ್ನೂ ಸೋಲಿಸುವ ಹಾಗಾದೆ. ಆಮೇಲೆ ಕರೆಯುವುದನ್ನು ಕಡಿಮೆ ಮಾಡಿದರು. ಅವರಿಗೆ ಚೆಂಡು ಹೆಕ್ಕಿ ಹೆಕ್ಕಿ ಸೊಂಟ ಬಿದ್ದುಹೋಗುತ್ತಿತ್ತು. ನಾನು ಆಗ ಬಸ್ ಸ್ಟ್ಯಾಂಡ್ ಎದುರು ಚಪ್ಪಲಿ ಅಂಗಡಿ ಇಟ್ಟು, ಅಡಿಕೆ ವ್ಯಾಪಾರದ ಮನೆತನಕ್ಕೆ ಕಪ್ಪುಚುಕ್ಕೆ ಅನ್ನಿಸಿಕೊಂಡಿದ್ದವನು. “ಮೆಟ್ಟು ಮಾರೋ ಗತಿ ಬಂತೇನೋ ನಮ್ಮ ಮನೆಗೆ?” ಎಂದು ಅಪ್ಪ ವಿರೂಪಾಕ್ಷಪ್ಪ ಮೂರು ವರ್ಷ ನನ್ನ ಅಂಗಡಿಯ ಬೀದಿಯಲ್ಲಿ ಹಾಯಲಿಲ್ಲ. ಸಂಜೆ ಹೊತ್ತು ಮನೆಗೆ ಹೋಗಲು ಮನಸ್ಸಿಲ್ಲದೆ ಕ್ಲಬ್ಬಿನ ಬೇಲಿ ಹತ್ತಿರ ನಿಂತು ನಿನ್ನ ಆಟ ನೋಡುತ್ತಿದ್ದೆ. ನಮ್ಮ ಸ್ನೇಹ ಹಾಗೆ ಬೆಳೆದದ್ದು.

ಎಪ್ಪತ್ತೆಂಟರ ಮಾರ್ಚಿನಲ್ಲಿ ಹೊನ್ನಾಳಿಯ ಪಂದ್ಯಕ್ಕೆ ನಿನ್ನನ್ನು ಕರೆದುಕೊಂಡು ಹೋದವನು ನಾನೇ. ಆ ಸುಡುವ ನೆಲದ ಮೇಲೆ ನೀನು ಬರಿಗಾಲಲ್ಲಿ ಶಿವಮೊಗ್ಗದ ಕಾಲೇಜಿನ ಚಾಂಪಿಯನ್ನನ್ನು ಸೋಲಿಸಿದೆ. ನೀಲಿ ಹಕ್ಕಿಯ ಗುರುತಿನ ಮದರಾಸು ಕಂಪನಿಯ ಮ್ಯಾನೇಜರು ಅಲ್ಲಿ ಶೂ, ರಾಕೆಟ್ಟು ಹರಡಿಕೊಂಡು ಕೂತಿದ್ದರು. ಆಟ ಮುಗಿದ ಮೇಲೆ ಎದ್ದು ಬಂದು ನಿನ್ನ ಅಂಗಾಲು ತೋರಿಸಲು ಹೇಳಿದರು. ನೀನು ನಾಚಿಕೊಂಡು ಕಾಲು ಹಿಂದಕ್ಕೆ ಎಳೆದುಕೊಂಡೆ. ನಿನ್ನ ಪರವಾಗಿ ನನ್ನ ಮೆಟ್ರಿಕ್ ಇಂಗ್ಲಿಷಿನಲ್ಲಿ ನಾನು ಮಾತಾಡಿದೆ. ಎರಡು ವಾರಕ್ಕೆ ಪಾರ್ಸೆಲ್ ಬಂತು. ಒಂಬತ್ತನೇ ನಂಬರಿನ ಬಿಳಿ ಶೂ, ಒಂದು ರಾಕೆಟ್ಟು, ಅದು ಡೊಂಕಾಗದಂತೆ ಹಿಡಿದಿಡಲು ನಾಲ್ಕು ತಿರುಪಿನ ಮರದ ಚೌಕಟ್ಟು. ಜೊತೆಗೆ ನನಗೆ ಚನ್ನಗಿರಿಯ ಏಜೆನ್ಸಿ, ಅಂಗಡಿಯ ನೆತ್ತಿಗೆ ನೀಲಿ ಹಕ್ಕಿಯ ಬೋರ್ಡು. ಆ ಬೋರ್ಡು ಬಂದದ್ದು ನಿನ್ನ ಆಟದಿಂದ. ಅದನ್ನು ನೋಡಿದ ಮೇಲೆ ನನ್ನ ಅಪ್ಪ ಮೊದಲ ಸಲ ಅಂಗಡಿಯೊಳಗೆ ಬಂದು ಸ್ಟೂಲಿನ ಮೇಲೆ ಕೂತರು.

ನ್ಯಾಮತಿಯ ಆಟ ನೆನಪಿದೆಯಾ? ಶೂ ಹಾಕಿಕೊಂಡು ನೀನು ಮೊದಲ ಸಲ ಹೊರಗೆ ಆಡಿದ್ದು. ಜನ ಬಂದಿದ್ದೇ ನಿನ್ನ ಶೂ ನೋಡಲು. ನೀನು ಗತ್ತಿನಿಂದ ನಡೆದು ಬಂದವನು ಸುಣ್ಣದ ಗೆರೆಯ ಹತ್ತಿರ ನಿಂತು, ಶೂ ಬಿಚ್ಚಿ ಪಕ್ಕಕ್ಕೆ ಇಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದೆ. ಇಡೀ ನ್ಯಾಮತಿ ನಕ್ಕಿತು. “ಕ್ಲಬ್ಬಿನಾಗೆ ದಿನಾ ನಾನೇ ಸಾರಿಸಿ ಗೆರೆ ಹಾಕೋ ಅಂಥಾದ್ದೇ ಜಾಗ, ಮೆಟ್ಟು ಹಾಕ್ಕಂಡು ತುಳಿಯಾಕೆ ಮನಸು ಬರ್ಲಿಲ್ರಿ,” ಅಂದೆ. ನಾನು ಗದರಿಸಿ ಶೂ ತೊಡಿಸಿದೆ. ಎಷ್ಟು ತಿಳಿದವನ ಹಾಗೆ ಗದರಿಸಿದ್ದೆ ಅಂತ ನೆನೆದರೆ ಈಗ ಮೈ ಉರಿಯುತ್ತದೆ.

ಕಂಪನಿಯ ಷರತ್ತು ಒಂದೇ ಆಗಿತ್ತು. ಮೂರು ತಿಂಗಳು ದಿನಾ ಇದೇ ಶೂ ಹಾಕಿಕೊಂಡು ಆಡಬೇಕು, ಆಮೇಲೆ ಆ ಜೋಡಿಯನ್ನು ಮದರಾಸಿಗೆ ವಾಪಸ್ ಕಳಿಸಬೇಕು. ನೋಡಿ ಒಂದು ವರ್ಷದ ಒಪ್ಪಂದಕ್ಕೆ ರುಜು ಹಾಕುತ್ತೇವೆ ಎಂದಿದ್ದರು. ಆಮೇಲೆ ಶೂ, ರಾಕೆಟ್ಟು, ತಂತಿ ಎಲ್ಲ ಅವರದೇ. ಬೆಂಗಳೂರು, ಮದರಾಸಿನ ಪಂದ್ಯಗಳಲ್ಲಿ ನೀಲಿ ಹಕ್ಕಿಯ ಅಂಗಿ ತೊಟ್ಟು ನೀನು ಆಡಬೇಕು. ಮೂರು ತಿಂಗಳು ನೀನು ಒಂದು ದಿನ ತಪ್ಪಿಸಲಿಲ್ಲ. ಬಿಳಿ ಬಟ್ಟೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಸರ್ವೀಸಿನ ಹೊತ್ತಿಗೆ ನೆಲಕ್ಕೆ ಉಜ್ಜಿ ಉಜ್ಜಿ ಬಲಗಾಲಿನ ತುದಿ ತೂತುಬಿತ್ತು. ತಳದ ಅಟ್ಟೆ ಒಂದೇ ಮಗ್ಗುಲಿಗೆ ಸವೆಯಿತು. ಗಡುವು ಮುಗಿದ ದಿನ ಅವುಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, “ನೀವೇ ಕಳಿಸ್ರಿ ಅಣ್ಣಾರೆ, ನಿಮ್ಮ ಕೈಗುಣ ಚಲೋ ಐತೆ,” ಅಂದು ಹೋದೆ.

ಮನೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದಾಗ ನನ್ನ ಅವ್ವ ದ್ಯಾಮಮ್ಮ ನೋಡಿದಳು. “ಅಯ್ಯೋ, ಅನ್ನ ಕೊಡೋ ದೊಡ್ಡೋರಿಗೆ ಹರಕು ಮೆಟ್ಟು ಕಳಿಸ್ತಿಯೇನೋ? ಯಾರ ಮಕಕ್ಕೆ ಎಸಿಯಾಕೆ?” ಎಂದಳು. ಅವ್ವನ ತಲೆಗೆ ಇದನ್ನು ಕಟ್ಟಲಾರೆ, ನನ್ನ ಮನಸ್ಸಿನಲ್ಲೂ ಅದೇ ಕೊರೆಯುತ್ತಿತ್ತು. ಕಂಪನಿಯ ಕಾಗದದ ಇಂಗ್ಲಿಷ್ ಅರ್ಥವಾಗಲಿಲ್ಲ ಅಂತಲೂ ಹೇಳಲಾರೆ. ಆಡಿ ಸವೆದ ಶೂ ಎಂದೇ ಸ್ಪಷ್ಟವಾಗಿ ಬರೆದಿದ್ದರು, ನಾನು ಓದಿದ್ದೆ. ಹಾಗೆ ಕೇಳುವುದು ಅವರ ದೊಡ್ಡತನ, ಹಾಗೇ ಕಳಿಸುವುದು ನಮ್ಮ ಸಣ್ಣತನ ಅಂದುಕೊಂಡೆ. ಮೆಟ್ಟು ಮಾರುವವನೆಂದು ಅಷ್ಟು ವರ್ಷ ಅನ್ನಿಸಿಕೊಂಡವನಿಗೆ ಮರ್ಯಾದೆಯದೇ ಧ್ಯಾನ. ಅಂಗಡಿಯಿಂದ ಅದೇ ನಂಬರಿನ, ಅದೇ ಹಕ್ಕಿಯ ಹೊಸ ಜೋಡಿ ತಂದೆ. ಪೆಟ್ಟಿಗೆಯಲ್ಲಿ ಅದನ್ನಿಟ್ಟು, ಮೇಲೆ ಒಂದು ಸೇರು ಒಳ್ಳೆಯ ಕೆಂಪಡಿಕೆ ಇಟ್ಟು ಹೊಲಿದು ಕಳಿಸಿದೆ. ನಿನ್ನ ಹಳೆಯ ಜೋಡಿಯನ್ನು ಅಟ್ಟದ ಮೇಲೆ ಎಸೆದೆ. ಒಳ್ಳೆಯ ಕೆಲಸ ಮಾಡಿದೆನೆಂದು ಆ ದಿನ ಹೊಟ್ಟೆ ತುಂಬ ಉಂಡೆ.

ಉತ್ತರ ಬಂತು. ‘ತಾವು ಕಳಿಸಿದ ಶೂ ಒಂದು ದಿನವೂ ಕೋರ್ಟಿಗೆ ಇಳಿದಿಲ್ಲ. ಆಟಗಾರನ ನಡೆ, ತಿರುವು ಎಲ್ಲ ಅಟ್ಟೆಯ ಸವೆತದಲ್ಲಿ ಕಾಣುತ್ತದೆ, ಅದಕ್ಕೇ ಅದನ್ನು ಕೇಳಿದ್ದು. ಈತನಿಗೆ ಅಭ್ಯಾಸದಲ್ಲಿ ಶ್ರದ್ಧೆಯಿಲ್ಲವೆಂದು ತಿಳಿದು ಪ್ರಸ್ತಾಪ ಕೈಬಿಟ್ಟಿದ್ದೇವೆ. ರಾಕೆಟ್ಟನ್ನು ವಾಪಸ್ ಕಳಿಸತಕ್ಕದ್ದು. ಅಡಿಕೆಗಾಗಿ ವಂದನೆಗಳು.’

ಅಟ್ಟ ಹತ್ತಿ ಆ ಹರಕು ಜೋಡಿ ಇಳಿಸಿ, ತಪ್ಪು ನನ್ನದು ಎಂದು ನಾಲ್ಕು ಸಾಲು ಬರೆದು ಕಳಿಸಿದ್ದರೆ ಮುಗಿಯುತ್ತಿತ್ತು. ಬರೆದೆ ಕೂಡ. ಅಂಚೆ ಡಬ್ಬದವರೆಗೂ ಹೋದೆ. ಹೇಳಿದ ಒಂದು ಮಾತು ಪಾಲಿಸದ ಏಜೆಂಟನನ್ನು ಯಾರು ಇಟ್ಟುಕೊಳ್ಳುತ್ತಾರೆ? ಬೋರ್ಡು ಇಳಿಯುತ್ತದೆ, ಸ್ಟೂಲಿನ ಮೇಲೆ ಕೂತ ಅಪ್ಪ ಎದ್ದು ಹೋಗುತ್ತಾರೆ. ಕಾಗದ ಹರಿದು ವಾಪಸ್ ಬಂದೆ.

ನೀನು ಅವತ್ತೇ ಸಂಜೆ ಬಂದೆ. ಕೈಯೆಲ್ಲ ಸುಣ್ಣವಾಗಿತ್ತು. “ಏನಂತ್ರಿ ಅಣ್ಣಾರೆ, ಮದ್ರಾಸಿಂದ?” ಅಂದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅಪ್ಪ ಇದ್ದರು. “ನಿನ್ನ ಆಟ ಅಲ್ಲಿಗೆ ಸಾಲಲ್ಲಂತೆ ಕಣೋ,” ಅಂದುಬಿಟ್ಟೆ. ನೀನು ಕೈ ಪಂಚೆಗೆ ಒರೆಸಿಕೊಂಡು, “ಯಾವ ಹೊಡ್ತ ಸಾಲಲ್ಲ ಅಂದಾರ್ರೀ? ಬ್ಯಾಕ್‌ಹ್ಯಾಂಡಾ?” ಎಂದು ಕೇಳಿದೆ. “ಎಲ್ಲಾನೂ ಅಂತ ಬರೆದಾರೆ,” ಅಂದೆ.

ಎಲ್ಲಾನೂ ಅಂದೆ ತಿಪ್ಪೇಶ. ಒಂದು ಹೊಡೆತವನ್ನಾದರೂ ನಿನಗೆ ಉಳಿಸಬಹುದಿತ್ತು.

ಆದರೂ ನೀನು ಒಂದು ತಿಂಗಳು ತಾಲ್ಲೂಕು ಆಫೀಸಿನ ಹಿಂದಿನ ಗೋಡೆಗೆ ಬ್ಯಾಕ್‌ಹ್ಯಾಂಡ್ ಹೊಡೆದೆ. ಕ್ಲಬ್ಬಿನ ಹಳೆಯ ರಾಕೆಟ್ಟಿನಲ್ಲಿ, ಬರಿಗಾಲಲ್ಲಿ. ಚೆಂಡಿನ ಸದ್ದು ನನ್ನ ಅಂಗಡಿಗೆ ಕೇಳುತ್ತಿತ್ತು. ಒಂದು ಸಂಜೆ ಕೇಳಲಿಲ್ಲ. ಅಪ್ಪನನ್ನು ಕರೆದುಕೊಂಡು ಊರಿಗೆ ಹೋದನಂತೆ ಎಂದರು. ನನಗೆ ಸಮಾಧಾನವಾಯಿತು. ಇದನ್ನೂ ಬರೆದುಬಿಡಬೇಕು, ನಿಜಕ್ಕೂ ಸಮಾಧಾನವಾಯಿತು.

ಜಗಳೂರಿನಿಂದ ಬಂದ ವಾರವೇ ಮದರಾಸಿಗೆ ಎಲ್ಲ ಬರೆದೆ. ಒಂಬತ್ತು ವರ್ಷ ತಡವಾಗಿ ಧೈರ್ಯ ಬಂತು. ಆ ಮ್ಯಾನೇಜರು ಈಗಿಲ್ಲವಂತೆ. ನಿನ್ನ ಹೆಸರಿನ ಯಾವ ಕಡತವೂ ತಮ್ಮಲ್ಲಿಲ್ಲ ಎಂದು ಒಂದು ಸಾಲು ಬಂದಿದೆ. ಅವರ ಪುಸ್ತಕದಲ್ಲಿ ನೀನು ಆಡಿಯೇ ಇಲ್ಲ. ಹೊನ್ನಾಳಿಯಲ್ಲಿ ಕೇಳಿದೆ, ಆ ಪಂದ್ಯ ನೆನಪಿರುವವರು ಯಾರೂ ಸಿಗಲಿಲ್ಲ. ಇಲ್ಲಿನ ಕೋರ್ಟಿನ ಮೇಲೆ ಈಗ ಜೀಪು ನಿಲ್ಲಿಸುತ್ತಾರೆ. ನನ್ನ ಬೋರ್ಡು ಮಾತ್ರ ಹಾಗೇ ಇದೆ, ದೀಪಾವಳಿಗೊಮ್ಮೆ ಬಣ್ಣ ಹೊಡೆಸುತ್ತೇನೆ. ಅದನ್ನು ಕಿತ್ತು ಹಾಕಿದೆ ಎಂದು ಬರೆಯಲು ಆಸೆಯಿತ್ತು. ಕಿತ್ತಿಲ್ಲ, ಕೀಳುವುದೂ ಇಲ್ಲ. ಮನೆ ಅದರ ಮೇಲೆ ನಿಂತಿದೆ.

ಈ ಕಾಗದದಿಂದ ನಿನಗೆ ಏನೂ ವಾಪಸ್ ಬರುವುದಿಲ್ಲ. ಮೂವತ್ತೆರಡರ ಕಾಲು ಇಪ್ಪತ್ತಮೂರಕ್ಕೆ ತಿರುಗುವುದಿಲ್ಲ. ಮೂಕಮ್ಮನ ಪಂದ್ಯವೂ ಹೋದ ವಾರವೇ ಮುಗಿದಿದೆಯಂತೆ, ವಿಚಾರಿಸಿದೆ. ನನ್ನನ್ನು ಕ್ಷಮಿಸು ಅಂತಲೂ ಕೇಳುವುದಿಲ್ಲ. ನಿನ್ನ ಗೌರವವೊಂದು ನನ್ನ ಹತ್ತಿರ ಉಳಿದಿತ್ತು, ಅದನ್ನು ಹಿಂದಕ್ಕೆ ತೆಗೆದುಕೋ.

ಈಗ ಪೆಟ್ಟಿಗೆ ಬಿಚ್ಚು. ಯಾರಿಗೂ ಹಳೆ ಮೆಟ್ಟು ಕಳಿಸಬಾರದು ಅಂತ ಅವತ್ತು ಅಂದುಕೊಂಡವನು ಇವತ್ತು ಕಳಿಸುತ್ತಿದ್ದೇನೆ. ರಬ್ಬರು ಬಿರುಕುಬಿಟ್ಟಿದೆ, ಹಾಕಿಕೊಳ್ಳಲು ಬರುವುದಿಲ್ಲ. ಬಲಗಾಲಿನ ತುದಿಯ ತೂತು ನೋಡು, ಅಟ್ಟೆ ಸವೆದ ಮಗ್ಗುಲು ನೋಡು. ಮದರಾಸಿನವರು ನೋಡಬೇಕಾಗಿದ್ದದ್ದು ಇದನ್ನೇ. ನಿನ್ನ ಆಟ ಸಾಲದೆ ಹೋಗಿರಲಿಲ್ಲ. ಅದನ್ನು ಯಾರೂ ನೋಡಲೇ ಇಲ್ಲ.

ನಿನ್ನ ಕುರಿಗಳಿಗೆ ಮೇವಿರಲಿ, ಮೂಕಮ್ಮನಿಗೆ ಒಳ್ಳೆಯದಾಗಲಿ. ಇಷ್ಟನ್ನು ಹಾರೈಸಲು ಹಕ್ಕು ಬೇಡವೆಂದುಕೊಂಡು ಬರೆದಿದ್ದೇನೆ. ಮಣ್ಣು ಹಾಗೇ ಇದೆ, ತೊಳೆದಿಲ್ಲ.

ಇಂತಿ,
ನೀನು ಅಣ್ಣಾ ಎಂದು ಕರೆದ,
ಶಿವಮೂರ್ತಪ್ಪ