ಐವತ್ತು ಚದರ ಮೀಟರ್

ಗುರುವಾರ, ಮಾರ್ಚ್ ೧೪

ನನ್ನ ಮುದ್ದು ಮಗಳೇ,

ಕಾಗದ ತಲುಪಿತು. ಹಿತ್ತಿಲಿನ ನಕ್ಷೆ ಚೆನ್ನಾಗಿದೆ. ಬದನೆಯ ಪಾತಿಯನ್ನು ಮಾತ್ರ ಗೋಡೆಯ ನೆರಳಿನಿಂದ ಈಚೆಗೆ ತಂದುಬಿಡು. ನಿನ್ನ ಗುಮಾನಿ ಸರಿ. ಐವತ್ತು ಚದರ ಮೀಟರ್ ಅಂದರೆ ನೂರ ಅರವತ್ತನಾಲ್ಕು ಚದರ ಅಡಿ ಎಂದು ನಿನ್ನ ಗಂಡ ಹಾಕಿದ ಲೆಕ್ಕ ತಪ್ಪು. ಒಂದು ಮೀಟರಿಗೆ ೩.೨೮ ಅಡಿ, ನಿಜ. ಅದು ಬರೀ ಉದ್ದಕ್ಕೆ. ನೆಲಕ್ಕೆ ಅಗಲವೂ ಇದೆಯಲ್ಲ, ಎರಡನ್ನೂ ಅಡಿಗೆ ಬದಲಿಸಿ ಗುಣಿಸಬೇಕು. ನಿನ್ನ ಹಿತ್ತಿಲಿನ ಹತ್ತು ಮೀಟರ್ ಉದ್ದ ೩೨.೮ ಅಡಿ, ಐದು ಮೀಟರ್ ಅಗಲ ೧೬.೪ ಅಡಿ. ಗುಣಿಸಿದರೆ ಐನೂರ ಮೂವತ್ತೆಂಟು ಚದರ ಅಡಿ. ಅವನು ಹೇಳಿದಷ್ಟೇ ಗೊಬ್ಬರ ತಂದರೆ ಮೂರನೇ ಒಂದು ಪಾಲಿಗೂ ಸಾಲದು.

"ಇದನ್ನ ಅವರಿಗೆ ಹೇಗಮ್ಮಾ ಹೇಳ್ಲಿ" ಎಂದು ಕೇಳಿದ್ದೀಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ.

ತೋಟ ಹಾಕಿಕೊಡುವುದೇ ಕಸುಬಾಗಿದ್ದ ನಿನ್ನ ಅಪ್ಪನೂ ಇದೇ ತಪ್ಪು ಮಾಡಿದ್ದರು. ಒಂದು ಹೋಟೆಲಿನ ಅಂಗಳ, ಇನ್ನೂರು ಚದರ ಮೀಟರ್. ಎರಡು ಸಾವಿರದ ಮೇಲೆ ಚದರ ಅಡಿ ಹುಲ್ಲುಹಾಸು ಬೇಕಿದ್ದ ಕಡೆ ಆರುನೂರ ಐವತ್ತಾರು ತರಿಸಿದರು. ಉದ್ಘಾಟನೆಯ ಬೆಳಿಗ್ಗೆ ಅಂಗಳದ ಬಹುಪಾಲು ಬರೀ ಮಣ್ಣು. ಮಾಲೀಕ ಕೆಲಸದವರೆದುರೇ ಅವರ ಕೊರಳಪಟ್ಟಿ ಹಿಡಿದು ಕೆನ್ನೆಗೆ ಬಾರಿಸಿದ.

ನೀನು ಶಾಲೆಯಲ್ಲಿದ್ದೆ. ನಿನ್ನ ಅಪ್ಪ ಮನೆಗೆ ಬಂದಾಗ ನಾನು ಸುಮ್ಮನಿರಲಾರದೆ, "ಒಂದೇ ಸಲ ಗುಣಿಸಿದೀರಿ ನೋಡಿ, ಉದ್ದಕ್ಕೊಂದು ಅಗಲಕ್ಕೊಂದು ಎರಡು ಸಲ ಗುಣಿಸ್ಬೇಕಿತ್ತು" ಅಂದೆ.

"ನೀನೂ ಪಾಠ ಹೇಳೋಕೆ ಬಂದ್ಯೇನೇ?" ಎಂದವರೇ ಗುದ್ದಲಿ ಬೀಸಿದರು. ತಲೆಗೆ ಬರುತ್ತಿದ್ದ ಏಟಿಗೆ ಎಡಗೈ ಒಡ್ಡಿದೆ. ಮೂಳೆ ಲಟಕ್ಕೆಂದದ್ದು ಕೇಳಿಸಿತು. ಏಣಿಯಿಂದ ಬಿದ್ದೆ ಎಂದು ನಿನಗೆ ಹೇಳಿದ್ದು ಸುಳ್ಳು.

ಅವರ ಕಾಲು ಲಾರಿ ತಾಗಿ ಕುಂಟಾಯಿತು ಎಂದದ್ದೂ ಸುಳ್ಳೇ. ಎರಡನೇ ಏಟಿಗೆ ಗುದ್ದಲಿ ಎತ್ತುವಾಗ ಅವರು ಕಾಲು ಜಾರಿ ಬಿದ್ದರು. ಗುದ್ದಲಿ ನನ್ನ ಬಲಗೈಗೆ ಬಂತು. "ಬೇಡ ಕಣೇ, ಬೇಡ" ಅಂದರು. ಕೇಳಿಸಿತು. ಆದರೂ ಹೊಡೆದೆ, ಮಂಡಿಗೆ, ಮೂರು ಸಲ. ಮೊದಲನೆಯದು ಹೆದರಿ ಹೊಡೆದದ್ದು. ಉಳಿದೆರಡು ಹದಿನಾಲ್ಕು ವರ್ಷದ ಸಿಟ್ಟು. ಪಕ್ಕದ ಮನೆಯ ಟೈಲರ್ ಓಡಿಬಂದು ನನ್ನನ್ನು ಹಿಂದಿನಿಂದ ಬಿಗಿದು ಹಿಡಿಯದಿದ್ದರೆ ನಾಲ್ಕನೆಯದು ತಲೆಗೇ ಬೀಳುತ್ತಿತ್ತು.

ನಿನ್ನ ಗಂಡ ಅಂಥವನಲ್ಲ ಎಂದು ಬರೆಯಬೇಕೆಂದಿದ್ದೆ, ಪೆನ್ನು ಓಡುತ್ತಿಲ್ಲ. ಲೆಕ್ಕ ತಪ್ಪಿದೆ ಎಂದು ನೇರವಾಗಿ ಹೇಳು. ನಕ್ಕು ತಿದ್ದಿಕೊಂಡರೆ ಸರಿ. ಕೈ ಎತ್ತಿದರೆ, ಹತ್ತಿರದಲ್ಲಿ ಏನು ಬಿದ್ದಿದ್ದರೂ ನೀನು ಎತ್ತಿಕೊಳ್ಳಬೇಡ. ಚಪ್ಪಲಿ ಮೆಟ್ಟಿಕೊಂಡು ಹೊರಟು ಬಾ.

ನಿನ್ನ,
ಅಮ್ಮ

ತಾ.ಕ.: ಎರಡು ವರ್ಷ ನಿನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು, ಬೇರೆ ಊರಿನ ತೋಟದಲ್ಲಿ ಕೆಲಸ ಸಿಕ್ಕಿದೆ ಎಂದು ಕಾಗದ ಬರೆಯುತ್ತಿದ್ದೆನಲ್ಲ. ತೋಟ ನಿಜ. ಅದು ಜೈಲಿನದು. ಎಷ್ಟು ಏಟು ಎಂದು ನ್ಯಾಯಾಧೀಶರು ಕೇಳಿದಾಗ ನಿನ್ನ ಅಪ್ಪ "ಒಂದೇ" ಅಂದರು. ಯಾಕೆ ಹಾಗಂದರೋ ಇವತ್ತಿಗೂ ತಿಳಿಯದು. ಮೂರು ಎಂದು ಎದ್ದು ನಿಂತು ಹೇಳಿದವಳು ನಾನೇ.