ಅಪ್ಪನ ರಕ್ತ ಹೇಳಿದ ಮಾತು

ಅನ್ನಾಬಾ,
ಅಕ್ಟೋಬರ್ ೧೪, ಮಂಗಳವಾರ

ಮುದ್ದು ತಮ್ಮ ಯಾಸೀನ್,

ಹೇಗಿದ್ದೀಯೋ? ಮರಳುಗಾಳಿಗೆ ಕಣ್ಣು ಉರಿಯುತ್ತದೆ ಅಂದಿದ್ದೆಯಲ್ಲ, ಈಗ ವಾಸಿಯೇ? ಗಡಿಠಾಣೆಯ ಊಟ ಸೇರುತ್ತದೆಯೋ, ಇನ್ನೂ ಖರ್ಜೂರ ತಿಂದೇ ದಿನ ನೂಕುತ್ತಿದ್ದೀಯೋ? ಸೈನ್ಯದವರು ನಿನ್ನ ಫೋನು ಕಿತ್ತಿಟ್ಟುಕೊಂಡ ಮೇಲೆ ಮನೆಯಲ್ಲಿ ಯಾರೂ ನಿನ್ನ ದನಿ ಕೇಳಿಲ್ಲ. ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ, ಒಂದೊಂದು ಸಾಲನ್ನೂ ಓದಿಸಿಕೊಳ್ಳುತ್ತಿದ್ದಾಳೆ. ಹೆದರಬೇಡ, ಮೊದಲೇ ಹೇಳಿಬಿಡುತ್ತೇನೆ: ಅಪ್ಪ ಬದುಕಿದ್ದಾರೆ.

ಹೋದ ತಿಂಗಳ ಕೊನೆಯ ಶುಕ್ರವಾರ. ನಮಾಜು ಮುಗಿಸಿ ಬಂದು ಕುಸ್ಕುಸ್ ತಟ್ಟೆಯ ಮುಂದೆ ಕೂತಿದ್ದರು, ಚಮಚ ಕೈಜಾರಿತು. ಎತ್ತಿಕೊಳ್ಳಲು ಹೋದರೆ ಬಲಗೈ ಏಳಲೇ ಇಲ್ಲ, ಬಾಯಿ ಸೊಟ್ಟಗಾಯಿತು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಓಡಿದೆವು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಅಂದರು. ಸ್ಕ್ಯಾನ್‌ನಲ್ಲಿ ಕಂಡ ರಕ್ತ ಮಾತ್ರ ಕಡಲೆಕಾಳಿನಷ್ಟೇ. ಸಂಜೆಗೆ ಅಪ್ಪ ನನ್ನ ಗುರುತು ಹಿಡಿದು ತೊದಲುತ್ತ ಚಹಾ ಕೇಳಿದಾಗ ಬೂಜಮಾ ಚಿಕ್ಕಪ್ಪ, ಇನ್ನೇನಿದೆ, ಮನೆಗೆ ಕರಕೊಂಡು ಹೋಗೋಣ ಎಂದು ಗಾಲಿಕುರ್ಚಿಯನ್ನೇ ತಂದುಬಿಟ್ಟರು. ಚಿಕ್ಕಪ್ಪನಿಗೆ ಆಸ್ಪತ್ರೆ ಅಂದರೆ ಎಷ್ಟು ಭಯ ಅಂತ ನಿನಗೆ ಗೊತ್ತೇ ಇದೆ.

ಆಗ ಅಡ್ಡ ಬಂದವಳು ತಸ್ಸಾದಿತ್ ಎಂಬ ಡಾಕ್ಟರು, ನನ್ನ ವಯಸ್ಸಿನ ಹುಡುಗಿ. ತೀವ್ರ ನಿಗಾ ಘಟಕದಲ್ಲೇ ಇಡಬೇಕು, ರಕ್ತಪರೀಕ್ಷೆ ಸರಿಯಿಲ್ಲ ಅಂದಳು. ಚಿಕ್ಕಪ್ಪ ಕೆರಳಿದರು. “ಒಂದು ತೊಟ್ಟು ರಕ್ತ ನೋಡಿ ನಮ್ಮಣ್ಣನ ಹಣೆಬರಹ ಓದ್ತೀಯೇನಮ್ಮಾ? ಹಂಗಾದ್ರೆ ಇಲ್ಲಿ ಯಾಕೆ, ಬಜಾರಲ್ಲಿ ಕಣಿ ಹೇಳ್ಕೊಂಡು ಕೂತ್ಕೋ, ಗಿರಾಕಿ ಸಿಗ್ತಾರೆ!” ಅವಳು ಸಿಟ್ಟಾಗಲಿಲ್ಲ. “ಹಣೆಬರಹ ನಂಗೊತ್ತಿಲ್ಲ ಚಿಕ್ಕಪ್ಪಾ. ಎಷ್ಟು ರಕ್ತ ಸೋರಿದೆ ಅಂತ ಸ್ಕ್ಯಾನು ತೋರಿಸುತ್ತೆ. ಆ ಸೋರಿಕೆಗೆ ಮೈಯೊಳಗೆ ಎಷ್ಟು ಉರಿ ಎದ್ದಿದೆ ಅಂತ ಈ ಪರೀಕ್ಷೆ ಹೇಳುತ್ತೆ. ಬಿಳಿಕಣದಲ್ಲಿ ಒಂದು ಬಗೆ ವಿಪರೀತ ಏರಿದೆ, ಇನ್ನೊಂದು ಕುಸಿದಿದೆ. ಎಲ್ರಿಗೂ ಕೆಡುತ್ತೆ ಅಂತಲ್ಲ. ಆದ್ರೆ ಇಂಥ ರಕ್ತ ಇದ್ದೋರಿಗೆ ಆಮೇಲೆ ಬಿಗಡಾಯಿಸೋದು ಜಾಸ್ತಿ. ಕಣ್ಣೆದುರಿಗೇ ಇರಲಿ.”

ಚಿಕ್ಕಪ್ಪ ಕುರ್ಚಿ ತಳ್ಳಿಯೇಬಿಟ್ಟರು. ಅಮ್ಮ ಹೋಗಿ ಬಾಗಿಲಿಗೆ ಅಡ್ಡ ನಿಂತಳು. “ಅವರು ಇಲ್ಲೇ ಇರ್ತಾರೆ. ನಿನಗೆ ಮನೆ ನೆನಪಾಗಿದ್ರೆ ನೀನು ಹೋಗು ಬೂಜಮಾ, ಕುರ್ಚಿ ಬಿಟ್ಟು ಹೋಗು.” ಚಿಕ್ಕಪ್ಪ ಹೊರಟರು. ಹೋಗುವಾಗ, “ಅಣ್ಣನಿಗೆ ಏನಾದ್ರೂ ಆದ್ರೆ ಅದು ನಿನ್ನ ತಲೆಮೇಲೆ ಅತ್ತಿಗೇ” ಅಂದರು.

ಮಾರನೆಯ ಮಧ್ಯಾಹ್ನ ಎಷ್ಟು ಕರೆದರೂ ಅಪ್ಪ ಓಗೊಡಲಿಲ್ಲ. ಒಂದು ಕಣ್ಣಿನ ಪಾಪೆ ದೊಡ್ಡದಾಗಿತ್ತು. ನರ್ಸು ಕೂಗಿದ್ದೇ ತಡ, ನಾಲ್ಕು ಜನ ಮಂಚ ಎಳೆದುಕೊಂಡು ಶಸ್ತ್ರಚಿಕಿತ್ಸೆಗೆ ಓಡಿದರು. ಮತ್ತೆ ರಕ್ತ ಸೋರಿ ಮಿದುಳು ಊದಿತ್ತಂತೆ. ಅಮ್ಮ ಗೋಡೆಗೆ ಹಣೆಯಿಟ್ಟು ನಿಂತುಬಿಟ್ಟಳು. ಅವಳ ಕಿವಿಯಲ್ಲಿ ಚಿಕ್ಕಪ್ಪನ ಆ ಒಂದೇ ಮಾತು ತಿರುಗುತ್ತಿತ್ತೆಂದು ನನಗೆ ಗೊತ್ತು. ಚಿಕ್ಕಪ್ಪನೂ ಬಂದರು, ದೂರದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತರು. ಕೊನೆಗೆ ತಸ್ಸಾದಿತ್ ಹೊರಗೆ ಬಂದು, ಉಳಿದರು, ಮನೆಯಲ್ಲಿದ್ದಿದ್ದರೆ ಇಲ್ಲಿಗೆ ತಲುಪುತ್ತಿರಲಿಲ್ಲ ಅಂದಾಗ, ಚಿಕ್ಕಪ್ಪ ಎದ್ದು ಬಂದು ಎಲ್ಲರೆದುರೇ ಅತ್ತಿಗೆಯ ತಲೆಗೆ ಮುತ್ತಿಟ್ಟರು.

ಇನ್ನೂ ಆಸ್ಪತ್ರೆಯಲ್ಲೇ ಇರುವ ಅಪ್ಪನ ಬಾಯಲ್ಲಿ ಈಗ ಉಳಿದಿರುವುದು ಒಂದೇ ಮಾತು, ರೊಟ್ಟಿ. ನೀರೂ ರೊಟ್ಟಿ, ನಾನೂ ರೊಟ್ಟಿ. ಅಮ್ಮನನ್ನೂ ರೊಟ್ಟಿ ಅನ್ನುತ್ತಾರೆ, ಅವಳು ನಾಚಿಕೊಳ್ಳುತ್ತಾಳೆ. ಚಿಕ್ಕಪ್ಪ ದಿನಾ ಬಂದು ಅಣ್ಣನ ಗಡ್ಡ ಹೆರೆಯುತ್ತಾರೆ, ಡಾಕ್ಟರನ್ನು ಕಂಡಕೂಡಲೇ “ಉರಿ ಎಷ್ಟು ಇಳೀತು ಮಗಳೇ?” ಅಂತಾರೆ.

ಅಮ್ಮ ನಿನ್ನ ಹಣೆಗೆ ದೂರದಿಂದಲೇ ಮುತ್ತು ಕೊಟ್ಟಿದ್ದಾಳೆ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ವಹೀಬಾ

ತಾ.ಕ.: ಅಮ್ಮ ನಮಾಜಿಗೆ ಎದ್ದಳು, ಬೇಗ ಬರೆಯುತ್ತೇನೆ. ಇವತ್ತಿನ ಪರೀಕ್ಷೆಯಲ್ಲಿ ಉರಿ ಮತ್ತೆ ಏರಿದೆ, ಆವತ್ತಿಗಿಂತ ಹೆಚ್ಚು. ಶ್ವಾಸಕೋಶಕ್ಕೆ ಸೋಂಕಂತೆ. ತಸ್ಸಾದಿತ್ ಈ ಸಲ ಏನನ್ನೂ ವಿವರಿಸಲಿಲ್ಲ, “ನಿನ್ನ ತಮ್ಮನಿಗೆ ರಜೆ ಸಿಗುತ್ತಾ?” ಅಂತ ಮಾತ್ರ ಕೇಳಿದಳು. ಅಮ್ಮನಿಗೆ ಹೇಳಿಲ್ಲ. ಈ ಪತ್ರ ನಿನ್ನ ಅಧಿಕಾರಿಗೆ ತೋರಿಸು. ಇದನ್ನು ನಿನಗೆ ತಂದುಕೊಟ್ಟ ಲಾರಿಯವನು ಬೆಳಗಾದರೆ ಅಲ್ಲಿಂದ ಹಿಂದಿರುಗುತ್ತಾನೆ, ಪಕ್ಕದ ಸೀಟು ಯಾರಿಗೂ ಕೊಡಬೇಡ ಅಂದಿದ್ದೇನೆ. ಹತ್ತಿ ಬಾ.