ಇಗರ್ಜಿಯ ಎದುರಿನ ತಿರುವು

೧೧ ಅಕ್ಟೋಬರ್ ೧೯೬೩, ಶುಕ್ರವಾರ

ಇಪ್ಪತ್ತೆರಡು ವರ್ಷ ಕಾರ್ಕಳ ಲೈನಿನಲ್ಲಿ ಬಸ್ಸು ಓಡಿಸಿದ ನನಗೆ ಮಾಲಕರು ಈಗ ಪುನಃ ತರಬೇತಿ ಕೊಡಿಸುತ್ತಿದ್ದಾರೆ. ಇಗರ್ಜಿಯ ಎದುರಿನ ತಿರುವಿನಲ್ಲಿ ಒಂದು ಕೈ ಬಿಟ್ಟು ಶಿಲುಬೆಯ ಗುರುತು ಮಾಡಿದ್ದೇ ಇವತ್ತಿನ ತಪ್ಪು.

“ಎಂತ ಪೊರ್ಬುಗಳೇ, ಬ್ರೇಕ್ ದೇವರು ಹಾಕುತ್ತಾರಾ?” ಎಂದರು ಕಲಿಸಲು ಬಂದ ತಾರಾನಾಥರು; ಕ್ರಿಸ್ತಾಂವರಿಗೆಲ್ಲ ಇಲ್ಲಿ ಪೊರ್ಬುಗಳೆಂದೇ ಹೆಸರು. ಹಿಂದೆ ಕುಳಿತ ಡ್ರೈವರುಗಳೆಲ್ಲ ನಕ್ಕರು.

“ಸರ್, ಇಟ್ ಈಸ್ ನಾಟ್ ಕೇರ್‌ಲೆಸ್, ಇಟ್ ಈಸ್...” ಎಂದೆ. ಶಾಲೆಯಲ್ಲಿ ಕಲಿತ ಇಂಗ್ಲಿಷು ಅಲ್ಲಿಗೇ ಮುಗಿಯಿತು. ನನ್ನ ಹೆಂಡತಿ ಬರ್ತಾಳನ್ನು ಮಣ್ಣು ಮಾಡಿದ್ದು ಆ ಇಗರ್ಜಿಯ ಅಂಗಳದಲ್ಲೇ ಎಂದು ಕನ್ನಡದಲ್ಲಾದರೂ ಹೇಳಬಹುದಿತ್ತು.

ಆ ತಿರುವಿನಲ್ಲಿ ಲಾರಿ ಎದುರಾದರೆ ಒಂದು ಕೈ ಸಾಲದು, ಅದು ನಿಜ. ಅದಕ್ಕೇ ಹೆಚ್ಚು ಸಿಟ್ಟು. ನಾಳೆಯ ಪರೀಕ್ಷೆಯಲ್ಲಿ ಫೇಲಾದರೆ ಈ ಲೈನೇ ತಪ್ಪುತ್ತದೆ. ಪಾಸಾದರೆ ದಿನಕ್ಕೆ ನಾಲ್ಕು ಸಲ ಅವಳ ಎದುರಿನಿಂದ, ಶಿಲುಬೆಯ ಗುರುತೂ ಮಾಡದೆ, ಪರಿಚಯವೇ ಇಲ್ಲದವನ ಹಾಗೆ ಹೋಗಬೇಕು.